ಮುತ್ಯಾನ ರೈಫಲ್, ಎಳ್ಳಮಾವಾಸ್ಯೆಯ ಹೊಲ

ಶನಿವಾರ: ಕಲಬುರಗಿಯಿಂದ ಚಿಂಚೋಳಿ ಕಡೆಗೆ

ನಾನು ಟೂಲ್‌ರೂಮ್‌ನಲ್ಲಿ ಕೆಲಸ ಮಾಡುವವನು. ಅರ, ಮೈಕ್ರೋಮೀಟರ್, ಲೇತ್, ಇವುಗಳ ಜೊತೆಯಲ್ಲೇ ದಿನ ಹೋಗುತ್ತದೆ. ಹಳೇ ಬೇಟೆ ರೈಫಲ್‌ಗಳ ಮೇಲೆ ಪ್ರೀತಿ ಹುಟ್ಟಿದ್ದೂ ಅದರಿಂದಲೇ. ಪ್ರಾಣಿ ಹೊಡೆಯುವ ಆಸೆ ನನಗೆ ಯಾವತ್ತೂ ಇರಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದು ಬೇಟೆ ನಿಂತಿದ್ದು ಒಳ್ಳೆಯದೇ ಆಯ್ತು. ಆದರೆ ನೂರು ವರ್ಷದ ಹಿಂದೆ ಕೈಯಲ್ಲಿ ಅರ ಹಿಡಿದು, ದೀಪದ ಮಸಿ ಬಳಿದು ಬಳಿದು ನೋಡಿ, ಉಕ್ಕಿಗೆ ಉಕ್ಕು ಕೂರಿಸಿದವರ ಕೆಲಸ ಇದೆಯಲ್ಲ, ಅದನ್ನು ಫೋಟೋದಲ್ಲಿ ನೋಡಿ ಸಾಕಾಗಿತ್ತು, ಒಮ್ಮೆ ಹತ್ತಿರದಿಂದ ನೋಡಲೇಬೇಕಿತ್ತು.

ಚಿಂಚೋಳಿ ಕಡೆಯ ಗೆಳೆಯ ಒಬ್ಬ ಜೊತೆಗೆ ಕೆಲಸ ಮಾಡುತ್ತಾನೆ. ಊಟದ ಹೊತ್ತಲ್ಲಿ ಒಮ್ಮೆ ಸುಮ್ನೆ ಹೇಳಿದ: 'ನಮ್ಮ ಕಾಕಾನ ಹತ್ರ ಮುತ್ಯಾನ ಕಾಲದ ಡಬಲ್ ರೈಫಲ್ ಅದ. ಎಳ್ಳಮಾವಾಸ್ಯೆಗೆ ಬಾ, ಹೊಲಾನೂ ನೋಡೀದಿ, ಅದನ್ನೂ ನೋಡೀದಿ.' ಇಷ್ಟು ಸಾಕಿತ್ತು. (ಮುತ್ಯಾ ಅಂದರೆ ಅಜ್ಜ, ಡಬಲ್ ಅಂದರೆ ಜೋಡಿ ನಳಿಗೆಯದ್ದು.)

ರಾತ್ರಿ ರೈಲು ಹತ್ತಿ ಬೆಳಿಗ್ಗೆ ಕಲಬುರಗಿಯಲ್ಲಿ ಇಳಿದೆವು. ಗೆಳೆಯನ ತಮ್ಮ ಜೀಪ್ ತರುವಷ್ಟರಲ್ಲಿ ಸ್ವಲ್ಪ ಟೈಮ್ ಇತ್ತು, ಕೋಟೆಗೆ ಹೋದೆವು. 1347ರಲ್ಲಿ ರಾಜ್ಯ ಕಟ್ಟಿದ ಬಹಮನಿಗಳು ರಾಜಧಾನಿ ಮಾಡಿಕೊಂಡಿದ್ದು ಇದೇ ಊರನ್ನು ಅಲ್ವಾ. ಒಳಗೆ ಬಾರಾ ಗಜಿ ತೋಪ್ ಅನ್ನುವ ಫಿರಂಗಿ ಇದೆ. 29 ಅಡಿ ಉದ್ದ ಅಂತಾರೆ. ಅದರ ಪಕ್ಕ ನಿಂತರೆ ಮನುಷ್ಯ ಚಿಕ್ಕವನಾಗಿ ಕಾಣುತ್ತಾನೆ. ನಾನು ನೋಡಿದ್ದು ಅದರ ಮೈಮೇಲಿನ ಬಳೆಗಳನ್ನು. ಅಷ್ಟು ಉದ್ದದ ನಳಿಗೆ ಒಳಗಿನ ಒತ್ತಡಕ್ಕೆ ಸಿಡಿಯಬಾರದು ಅನ್ನುವ ಚಿಂತೆ ಆ ಕಾಲದ ಕೆಲಸಗಾರನಿಗೂ ಇತ್ತು. ಬೇಟೆ ರೈಫಲ್ ಮಾಡಿದವನಿಗೂ ಅದೇ ಚಿಂತೆ, ಅಳತೆ ಮಾತ್ರ ಬೇರೆ.

ಮಳಖೇಡ, ಸೇಡಂ ದಾರಿ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರು, ಕಾಗಿಣಾ ನದಿ ದಂಡೆ, ಆಮೇಲೆ ಸಿಮೆಂಟ್ ಕಾರ್ಖಾನೆಗಳ ಹೊಗೆಗೂಡು. ಎರಡೂ ಬದಿಗೆ ಕರಿ ಮಣ್ಣು, ಒಣಗುತ್ತಿರುವ ತೊಗರಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಸಿಕ್ಕಿದೆ. ಕೆಲವು ಹೊಲಗಳಲ್ಲಿ ಕೊಯ್ಲು ಶುರುವಾಗಿತ್ತು, ರಸ್ತೆ ಮೇಲೇ ಸಿವುಡು ಹಾಕಿದ್ದರು.

ಊರು ಮುಟ್ಟಿದಾಗ ಸಂಜೆ. ಹಳೇ ಮಾಳಿಗೆ ಮನೆ. ನೆಲಕ್ಕೆ ಶಹಾಬಾದ್ ಕಲ್ಲು, ಪಡಸಾಲೆಯಲ್ಲಿ ಸಾಗವಾನಿ ಕಂಬ, ಬಾಗಿಲ ಪಕ್ಕದಲ್ಲೇ ಎತ್ತು ಕಟ್ಟುವ ಜಾಗ. ಒಳಗೆ ಕಾಕಿ ರೊಟ್ಟಿ ಬಡಿಯುತ್ತಿದ್ದ ಸದ್ದು. ಕಾಕಾಗೆ ಎಪ್ಪತ್ತು ದಾಟಿದೆ. ಬಿಳಿ ಧೋತರ, ತಲೆಗೆ ಟವೆಲ್. ನಾನು ರೈಫಲ್ ಮಾತು ಎತ್ತಿದ ಕೂಡಲೇ ಕೈ ಅಡ್ಡ ಮಾಡಿದರು.

'ಈಗ ಬ್ಯಾಡ ತಮ್ಮಾ. ಬಲ್ಬಿನ ಬೆಳಕಿನಾಗ ಅದರ ಬಣ್ಣ ಕಾಣಂಗಿಲ್ಲ. ಮುಂಜಾನಿ ಬಿಸಿಲಿಗೆ ತಗೀತೀನಿ. ಈಗ ರೊಟ್ಟಿ ತಿನ್ರಿ.'

ಪುಂಡಿಪಲ್ಯ, ಶೇಂಗಾ ಹಿಂಡಿ, ಬಿಸಿ ಜೋಳದ ರೊಟ್ಟಿ, ಗಟ್ಟಿ ಮೊಸರು. ಊಟ ಮಾಡಿ ಮಲಗಿದೆವು.

ರವಿವಾರ: ಪಡಸಾಲೆಯ ಬಿಸಿಲಿನಲ್ಲಿ

ಒಂಬತ್ತು ಗಂಟೆಯ ಬಿಸಿಲು ಪಡಸಾಲೆಗೆ ಅಡ್ಡ ಬೀಳುವಾಗ ಕಾಕಾ ಕಂಬಳಿ ಹಾಸಿದರು. ಕಬ್ಬಿಣದ ಕಪಾಟಿನ ಬೀಗ ತೆಗೆದು ಚರ್ಮದ ಪೆಟ್ಟಿಗೆ ತಂದಿಟ್ಟರು. ಮೂಲೆಗಳಲ್ಲಿ ಹಿತ್ತಾಳೆ, ಒಳಗೆ ಕೆಂಪು ಬಟ್ಟೆ. ಮುಚ್ಚಳದ ಒಳಗೆ ಚೀಟಿ ಅಂಟಿಸಿದೆ: ವೆಸ್ಟ್‌ಲಿ ರಿಚರ್ಡ್ಸ್, ಬರ್ಮಿಂಗ್‌ಹ್ಯಾಮ್. 1812ರಿಂದ ಬಂದೂಕು ಮಾಡುತ್ತಿರುವ ಮನೆತನದ ಹೆಸರು. ನನ್ನ ಎದೆ ಡವಡವ ಅಂತಿತ್ತು.

ರೈಫಲ್ ಬಿಡಿಬಿಡಿಯಾಗಿ ಮಲಗಿತ್ತು. ಜೋಡಿ ನಳಿಗೆ ಒಂದು ಕಡೆ, ಮರದ ಹಿಡಿ ಮತ್ತು ಕೀಲಿನ ಭಾಗ ಇನ್ನೊಂದು ಕಡೆ, ಸಣ್ಣ ಎಣ್ಣೆ ಶೀಶೆ, ನಳಿಗೆ ಒರೆಸುವ ಕೋಲು. ಲೈಸನ್ಸ್ ಕಾಕಾ ಹೆಸರಲ್ಲಿದೆ. ಹಾಗಾಗಿ ಅವರೇ ಜೋಡಿಸಿದರು, ನಾನು ಪಕ್ಕದಲ್ಲಿ ಕೂತೆ. ನಳಿಗೆ ಕೊಕ್ಕೆಗೆ ಸಿಕ್ಕಿಸಿ ಮೇಲೆತ್ತಿ ಮುಚ್ಚಿದಾಗ ಬಂದ ಸದ್ದು ಬಹಳ ಸಣ್ಣದು. ಟಕ್ ಅನ್ನಲಿಲ್ಲ. ಒತ್ತಿದ ಹಾಗೆ ಮುಚ್ಚಿಕೊಂಡಿತು. ಅಷ್ಟರಲ್ಲೇ ಗೊತ್ತಾಯ್ತು, ಒಳಗೆ ಸಡಿಲು ಇಲ್ಲ.

ಈ ಕೂರಿಸುವ ಕೆಲಸದ ಬಗ್ಗೆ ಹೇಳಬೇಕು. ಟೂಲ್‌ರೂಮ್‌ನಲ್ಲಿ ನಾವು ಎರಡು ಮೈ ಸರಿಯಾಗಿ ತಾಗುತ್ತವಾ ಅಂತ ನೋಡೋಕೆ ನೀಲಿ ಬಣ್ಣ ಬಳಿಯುತ್ತೇವೆ. ಬಂದೂಕು ಮಾಡುವವರು ಎಣ್ಣೆ ದೀಪದ ಮಸಿ ಹಿಡಿಸುತ್ತಿದ್ದರು. ಮಸಿ ಹಿಡಿಸಿ ಮುಚ್ಚುವುದು, ತೆಗೆಯುವುದು, ಎಲ್ಲಿ ಮಸಿ ಅಳಿಸಿದೆಯೋ ಅಲ್ಲಿ ಮಾತ್ರ ಅರದಿಂದ ಒಂದು ಉಜ್ಜು, ಮತ್ತೆ ಮಸಿ. ಇಡೀ ಮೈ ಒಟ್ಟಿಗೆ ತಾಗುವವರೆಗೆ ಇದೇ ಕೆಲಸ. ಒಂದು ಉಜ್ಜು ಜಾಸ್ತಿ ಆದರೆ ಮುಗಿಯಿತು, ತೆಗೆದ ಲೋಹ ವಾಪಸ್ ಬರಲ್ಲ. ಕಾಕಾ ನಳಿಗೆಯನ್ನು ಬಿಸಿಲಿಗೆ ಹಿಡಿದಾಗ ನಾನು ಹುಡುಕಿದ್ದು ಕೂಡುವ ಜಾಗದ ಬೆಳಕಿನ ಗೆರೆ. ಸಿಗಲಿಲ್ಲ. ನೂರು ವರ್ಷ ಆದ ಮೇಲೂ!

ಆಮೇಲೆ ಕಾಕಾ ತೋರಿಸಿದ್ದಕ್ಕೆ ನಾನು ಎದ್ದೇ ನಿಂತೆ. ಹೊಟ್ಟೆಯ ಭಾಗದ ಸಣ್ಣ ಗುಂಡಿ ಒತ್ತಿದರು. ಮುಚ್ಚಳ ತೆರೆಯಿತು. ಎರಡು ಬೆರಳಲ್ಲಿ ಹಿಡಿದು ಒಂದು ಲಾಕ್, ಅಂದರೆ ಗುಂಡು ಹಾರಿಸುವ ಕೀಲು, ಹೊರಗೆ ಎಳೆದರು, ಆಮೇಲೆ ಇನ್ನೊಂದು. ಸ್ಕ್ರೂಡ್ರೈವರ್ ಬೇಕಾಗಲೇ ಇಲ್ಲ. ಅಂಗೈಯಲ್ಲಿ ಎರಡು ಪುಟ್ಟ ಯಂತ್ರಗಳು. ಸ್ಪ್ರಿಂಗು, ಸುತ್ತಿಗೆ, ಅದನ್ನು ತಡೆದು ಹಿಡಿಯುವ ಕೊಂಡಿ, ಎಲ್ಲವೂ ಕನ್ನಡಿಯ ಹಾಗೆ ಪಾಲಿಶ್. ಈ ಕಳಚುವ ಲಾಕ್ ವೆಸ್ಟ್‌ಲಿ ರಿಚರ್ಡ್ಸ್‌ನವರು 1897ರಲ್ಲಿ ಪೇಟೆಂಟ್ ಮಾಡಿಸಿದ್ದು. ಅದಕ್ಕೂ ಮೊದಲು, 1875ರಲ್ಲಿ, ಅದೇ ಮನೆಯ ಕೆಲಸಗಾರರಾದ ಆ್ಯನ್ಸನ್ ಮತ್ತು ಡೀಲಿ ಸೇರಿ, ಲಾಕ್ ಬಂದೂಕಿನ ಹೊಟ್ಟೆಯೊಳಗೇ ಕೂರುವ ಬಾಕ್ಸ್‌ಲಾಕ್ ಕಂಡುಹಿಡಿದಿದ್ದರು. ಹಿಂದೂಸ್ತಾನದ ಕಾಡಿನಲ್ಲಿ ಸ್ಪ್ರಿಂಗ್ ಮುರಿದರೆ ರಿಪೇರಿಗೆ ಯಾರ ಹತ್ತಿರ ಹೋಗುವುದು? ಇನ್ನೊಂದು ಜೋಡಿ ಲಾಕ್ ಜೇಬಿನಲ್ಲಿದ್ದರೆ ಆಯ್ತು. ಯಾರೂ ನೋಡದ ಜಾಗಕ್ಕೂ ಇಷ್ಟು ಪಾಲಿಶ್ ಯಾಕೆ ಅಂತ ಕೇಳಬಹುದು. ನುಣುಪಾದ ಮೈಗೆ ನೀರು ಹಿಡಿಯುವುದು ಕಡಿಮೆ, ತುಕ್ಕು ಹಿಡಿಯುವುದು ಕಡಿಮೆ, ಟ್ರಿಗರ್ ಎಳೆತವೂ ಕಡ್ಡಿ ಮುರಿದ ಹಾಗೆ ಚುರುಕಾಗುತ್ತದೆ. ಅಂದ ಮತ್ತು ಉಪಯೋಗ ಇಲ್ಲಿ ಬೇರೆ ಬೇರೆ ಅಲ್ಲ.

ಡಬಲ್ ರೈಫಲ್‌ನ ಅತಿ ಕಷ್ಟದ ಕೆಲಸ ಕಣ್ಣಿಗೆ ಕಾಣುವುದೇ ಇಲ್ಲ. ಎರಡು ನಳಿಗೆ ಅಕ್ಕಪಕ್ಕ ಇವೆ, ಎರಡರ ಗುಂಡೂ ಒಂದೇ ಜಾಗಕ್ಕೆ ಹೋಗಬೇಕು. ಆದರೆ ಬಲ ನಳಿಗೆ ಹಾರಿಸಿದಾಗ ಗುಂಡು ಇನ್ನೂ ಒಳಗಿರುವಾಗಲೇ ಹಿಂದೊದೆತಕ್ಕೆ ರೈಫಲ್ ಬಲಕ್ಕೆ, ಮೇಲಕ್ಕೆ ತಿರುಗುತ್ತದೆ. ಎಡದ್ದು ಎಡಕ್ಕೆ. ಹಾಗಾಗಿ ನಳಿಗೆಗಳನ್ನು ನೇರಕ್ಕೆ ನೇರ ಕೂಡಿಸಿದರೆ ಗುಂಡುಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ಬಾಯಿಯ ಹತ್ತಿರ ಸ್ವಲ್ಪ ಒಳಗೆ ಸೇರುವಂತೆ ಬೆಸೆಯಬೇಕು. ಎಷ್ಟು ಅನ್ನುವುದು ಲೆಕ್ಕಕ್ಕೆ ಸಿಗಲ್ಲ. ಅದಕ್ಕೇ ಅಂತ ಒಬ್ಬ ಕೆಲಸಗಾರ ಇರುತ್ತಿದ್ದ. ಹಾರಿಸಿ ನೋಡುವುದು, ಬೆಸುಗೆ ಕಾಯಿಸಿ ನಡುವಿನ ಬೆಣೆಯನ್ನು ಕೂದಲೆಳೆ ಸರಿಸುವುದು, ಮತ್ತೆ ಹಾರಿಸುವುದು. ಅದೂ ಒಂದೇ ಬಗೆಯ ತೋಟಾಕ್ಕೆ. ಈ ರೈಫಲ್‌ಗೆ 400 ಗ್ರೇನ್ ಗುಂಡು, ಅಂದರೆ ಸುಮಾರು 26 ಗ್ರಾಂ. ಕಾರ್ಡೈಟ್ ಮದ್ದು ಬಿಸಿಲಿಗೆ ಜಾಸ್ತಿ ಒತ್ತಡ ಕೊಡುತ್ತದೆ ಅಂತ ನಮ್ಮಂಥ ದೇಶಗಳಿಗೆ ಮದ್ದು ಕಡಿಮೆ ಮಾಡಿದ ತೋಟಾ ಬೇರೆಯೇ ಬರುತ್ತಿತ್ತು. ಕಲಬುರಗಿಯ ಬೇಸಿಗೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

'ಇದು ಫೋರ್ ಹಂಡ್ರೆಡ್' ಅಂದರು ಕಾಕಾ. ನಳಿಗೆಯ ಬೋರ್, ಅಂದರೆ ಒಳ ಅಳತೆ, .400 ಇಂಚು. 'ಮುತ್ಯಾಗ ಫೋರ್ ಫಿಫ್ಟಿ ಬೇಕಿತ್ತಂತ. ಸರ್ಕಾರ ಬಂದ್ ಮಾಡಿತ್ತು.'

ಅದು ನಿಜ. 1907ರಲ್ಲಿ ಬ್ರಿಟಿಷ್ ಸರ್ಕಾರ ಇಲ್ಲಿಗೆ .450 ಬೋರಿನ ರೈಫಲ್, ತೋಟಾ ತರುವುದನ್ನು ನಿಲ್ಲಿಸಿತು. ಸೈನ್ಯದ ಮಾರ್ಟಿನಿ-ಹೆನ್ರಿ ಬಂದೂಕಿಗೂ ಅದೇ ಅಳತೆಯ ಗುಂಡು, ದಂಗೆ ಏಳುವವರ ಕೈಗೆ ಸಿಕ್ಕೀತು ಅನ್ನೋ ಭಯ. ಅದರಿಂದಲೇ .470, .465 ಅಂತ ಹೊಸ ಅಳತೆಗಳು ಹುಟ್ಟಿದವು. ಲಂಡನ್, ಬರ್ಮಿಂಗ್‌ಹ್ಯಾಮ್‌ನ ಕುಶಲಕರ್ಮಿಗಳ ಅಳತೆಪಟ್ಟಿಯನ್ನು ಬದಲಿಸಿದ್ದು ನಮ್ಮ ನೆಲದ ಸಿಟ್ಟು. ಈ ಭಾಗದಲ್ಲಿ ಆ ಸಿಟ್ಟಿಗೆ ಹಳೇ ಚರಿತ್ರೆ ಇದೆ. ಸುರಪುರದ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದಿದ್ದು 1858ರಲ್ಲಿ, ಅವರ ಬೇಡರ ಪಡೆಯ ಗುರಿ ಎಂಥದ್ದು ಅಂತ ಔರಂಗಜೇಬನ ಸೈನ್ಯಕ್ಕೆ 1705ರ ವಾಗಿನಗೇರಿ ಮುತ್ತಿಗೆಯಲ್ಲೇ ಗೊತ್ತಾಗಿತ್ತು.

ಮುತ್ಯಾ ಇದನ್ನು ಕೊಂಡಿದ್ದು ನಿಜಾಮರ ಕಾಲದಲ್ಲಿ, ಊರಿಗೆ ಹೊರಟಿದ್ದ ಸಿಕಂದರಾಬಾದಿನ ಒಬ್ಬ ಗೋರಾ ಅಧಿಕಾರಿಯಿಂದ. ಉರ್ದುವಿನಲ್ಲಿ ಬರೆದ ಚೀಟಿ ಇನ್ನೂ ಇದೆ. ಎಷ್ಟು ಹೊಡೆದರು ಅಂತ ನಾನು ಕೇಳಲಿಲ್ಲ, ಕಾಕಾನೂ ಹೇಳಲಿಲ್ಲ. ಕರು ಹಿಡಿಯುತ್ತಿದ್ದ ಒಂದು ಚಿರತೆಯ ಕಥೆ ಮಾತ್ರ ಹೇಳಿದರು. ಅದಕ್ಕಿಂತ ಹೆಚ್ಚು ಹೊತ್ತು ಅವರು ಮಾತಾಡಿದ್ದು ಗುರಿಕಣ್ಣಿನ ಬಗ್ಗೆ. ಹಿಂದೆ 100, 200, 300 ಗಜಕ್ಕೆ ಮಡಚುವ ಎಲೆಗಳು. ಮುಂದೆ ಸಣ್ಣ ಮಣಿ, ಅದರ ಜೊತೆಗೇ ಮಡಚಿಟ್ಟ ಇನ್ನೊಂದು ದೊಡ್ಡ ಬಿಳಿ ಮಣಿ. ಬೆಳದಿಂಗಳಲ್ಲಿ ಗುರಿ ಹಿಡಿಯೋಕೆ ಅಂತಲೇ ಇದು. ಉಗುರಿನಿಂದ ಎತ್ತಿದರೆ ನಿಂತುಕೊಳ್ಳುತ್ತದೆ.

ಮರದ ಬಗ್ಗೆ ಬರೆಯದಿದ್ದರೆ ಅನ್ಯಾಯ. ವಾಲ್‌ನಟ್ ಮರ. ಕೈ ಹಿಡಿಯುವ ಸಣ್ಣ ಜಾಗದಲ್ಲಿ ನಾರು ನೇರ ಓಡುತ್ತದೆ, ಅಲ್ಲಿ ಗಟ್ಟಿ ಬೇಕು. ಭುಜದ ಕಡೆಗೆ ಹೋದ ಹಾಗೆ ಕಪ್ಪು, ಕಂದು ಗೆರೆಗಳು ಸುಳಿಸುಳಿಯಾಗುತ್ತವೆ. ಮರದ ದಿಮ್ಮಿ ನೋಡಿ, ಹಿಡಿ ಹೀಗೇ ಬರಬೇಕು ಅಂತ ಮೊದಲೇ ಕಂಡ ಕಣ್ಣು ಅದು. ಮೇಲೆ ವಾರ್ನಿಶ್ ಇಲ್ಲ, ಅಗಸೆ ಎಣ್ಣೆ ಕೈಯಿಂದ ತಿಕ್ಕಿ ತಿಕ್ಕಿ ಬಂದ ಹೊಳಪು. ಸ್ಕ್ರೂಗಳ ಸೀಳುಗಳೆಲ್ಲ ನಳಿಗೆಯ ದಿಕ್ಕಿಗೇ ನಿಂತಿದ್ದವು. ಒಂದೂ ವಾರೆ ಇಲ್ಲ. ಪೂರ್ತಿ ಬಿಗಿದಾಗ ಸೀಳು ಅಲ್ಲಿಗೇ ಬಂದು ನಿಲ್ಲುವಂತೆ ಒಂದೊಂದು ಸ್ಕ್ರೂವನ್ನೂ ಬೇರೆ ಬೇರೆಯಾಗಿ ಮಾಡಬೇಕು. ಪಕ್ಕದ ಉಕ್ಕಿನ ಮೇಲೆ ನೀಲಿ, ಜೇನು, ಬೂದಿ ಬಣ್ಣದ ಮೋಡಗಳಂಥ ಕಲೆ. ಮೂಳೆ ಇದ್ದಿಲಿನ ಜೊತೆ ಕಾಯಿಸಿ ನೀರಿಗೆ ಹಾಕಿದಾಗ ಬರುವ ಬಣ್ಣ. ಬಿಸಿಲು ಬೇಕು ಅಂತ ಕಾಕಾ ಹೇಳಿದ್ದು ಇದಕ್ಕೇ.

ಹಿಡಿಯ ಕೆಳಮೂಲೆಯಲ್ಲಿ ಬೇರೆ ಬಣ್ಣದ ಸಣ್ಣ ತುಂಡು ಕಂಡಿತು. ಬೆರಳಾಡಿಸಿದೆ, ಕೂಡಿದ ಜಾಗ ಬೆರಳಿಗೆ ಸಿಗಲಿಲ್ಲ.

'ಅದು ನಮ್ಮ ಊರ ಬಡಿಗ್ಯಾ ಮಾಡಿದ್ದು' ಅಂದರು ಕಾಕಾ. 'ನಮ್ಮಪ್ಪ ಒಮ್ಮೆ ಬಂಡಿಯಿಂದ ಕೆಡವಿದ್ರು, ಮೂಲಿ ಹಾರಿತ್ತು. ಸಾಗವಾನಿ ಚೂರು ಕೂರಿಸ್ಯಾನ.'

ಬರ್ಮಿಂಗ್‌ಹ್ಯಾಮ್‌ನ ಕೆಲಸದ ಪಕ್ಕ ಚಿಂಚೋಳಿಯ ಕೆಲಸ, ನಡುವೆ ಒಂದು ಗೆರೆಯೂ ಇಲ್ಲ. ಇಡೀ ರೈಫಲ್‌ನಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಯಾವುದು ಅಂದರೆ ಅದೇ.

ಸೋಮವಾರ: ಚರಗ

ಬೆಳಿಗ್ಗೆಯಿಂದಲೇ ಊರೆಲ್ಲ ಹೊಲದ ದಾರಿ ಹಿಡಿದಿತ್ತು. ಟ್ರ್ಯಾಕ್ಟರ್, ಬಂಡಿ, ಬೈಕ್, ತಲೆ ಮೇಲೆ ಬುಟ್ಟಿ ಹೊತ್ತ ಹೆಣ್ಣುಮಕ್ಕಳು. ಎಳ್ಳಮಾವಾಸ್ಯೆಗೆ ಕಲಬುರಗಿ, ಬೀದರ್ ಕಡೆ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಹೊಲವಿಲ್ಲದವರನ್ನೂ ಕರೆದು ಉಣಿಸುತ್ತಾರೆ. ಪೂಜೆ ಮಾಡಿ, ಗಂಡಸರು ಕೂಗುತ್ತಾ ಬೆಳೆಯ ಸುತ್ತ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲಿದರು. ಭೂತಾಯಿ ಬಸುರಿ, ಅವಳ ಬಯಕೆ ತೀರಿಸುವುದು ಇದು.

ಆಮೇಲೆ ಊಟ. ಭಜ್ಜಿಯ ರುಚಿ ಏನು ಹೇಳಲಿ. ಎಳೇ ತೊಗರಿ, ಕಡ್ಲಿ, ಅವರೆ, ಉಳ್ಳಾಗಡ್ಡಿ ತಪ್ಪಲು, ಬದನೆಕಾಯಿ, ಸಿಕ್ಕ ಸೊಪ್ಪೆಲ್ಲ ಸೇರಿ ಕುದ್ದಿರುತ್ತದೆ. ಜೊತೆಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಸಜ್ಜಿ ಕಡಬು, ಶೇಂಗಾ ಹೋಳಿಗೆ. ಕಾಕಿ 'ಇನ್ನೊಂದು ಹಾಕಸ್ಕೋರಿ' ಅನ್ನುತ್ತಲೇ ಇದ್ದರು, ಬೇಡ ಅನ್ನೋಕೆ ಬಾಯಿ ಖಾಲಿ ಇರಲಿಲ್ಲ.

ಹೊಲದ ಗುಡಿಸಲಿನಲ್ಲಿ ಹಳೇ ಕೂರಿಗೆ ತೂಗುಹಾಕಿದ್ದರು. ರೈಫಲ್‌ಗೆ ತೇಪೆ ಹಾಕಿದ ಅದೇ ಬಡಿಗನ ಕೈಕೆಲಸ. ಜಾಲಿ ಮರದ ದಿಂಡು, ಬಿದಿರಿನ ಕೊಳವೆಗಳು, ಮೇಲೆ ಬೀಜ ಹಾಕುವ ಬಟ್ಟಲು. ಬಟ್ಟಲೊಳಗೆ ಕೈ ಹಾಕಿ ನೋಡಿದೆ. ಎಲ್ಲ ತೂತುಗಳೂ ಒಂದೇ ಅಳತೆ, ಒಂದೇ ಇಳಿಜಾರು. ಇಲ್ಲದಿದ್ದರೆ ಒಂದು ಸಾಲಿಗೆ ಬೀಜ ಜಾಸ್ತಿ, ಒಂದಕ್ಕೆ ಕಡಿಮೆ ಆಗುತ್ತದೆ. ಅವನ ಹತ್ತಿರ ಅಳತೆಪಟ್ಟಿ ಇರಲಿಲ್ಲವಂತೆ, ಗೇಣು, ಬೆರಳು, ಕಣ್ಣು ಅಷ್ಟೇ. ಎರಡೂ ಕೆಲಸವನ್ನು ಹಿಂದೆ ಮುಂದೆ ನೋಡಿದ ಮೇಲೆ ನನಗೆ ಒಂದು ಮಾತು ಗಟ್ಟಿಯಾಯ್ತು. ಹಳೇ ರೈಫಲ್‌ಗಳನ್ನು ಮಹಾರಾಜರ ಸೊತ್ತು, ಸತ್ತ ಹುಲಿಗಳ ಪಕ್ಕದ ಫೋಟೋ ಅಂತ ಮಾತ್ರ ನೋಡುವುದು ತಪ್ಪು. ಅವು ಕೆಲಸಗಾರರ ಸೊತ್ತು. ಕೊಂಡವರ ಹೆಸರು ಉಳಿದಿದೆ, ಅರ ಹಿಡಿದವರದ್ದು ಉಳಿದಿಲ್ಲ. ಆ ಬಡಿಗನ ಕೂರಿಗೆಗೂ ಬೆಲೆ ಕಟ್ಟುವವರು ಈಗಿಲ್ಲ, ಟ್ರ್ಯಾಕ್ಟರ್ ಬಂದಿದೆ.

ಗುಡಿಸಲ ಹಿಂದೆ ನೆಲ ಅಗೆದಿತ್ತು. ಕಾಡುಹಂದಿ. ಚಿಂಚೋಳಿ ಕಾಡು ಇಲ್ಲಿಂದ ದೂರ ಇಲ್ಲ. 2011ರಲ್ಲಿ ವನ್ಯಧಾಮ ಅಂತ ಘೋಷಿಸಿದರು, ಸುಮಾರು 135 ಚದರ ಕಿಲೋಮೀಟರ್. ತೋಳ, ಕತ್ತೆಕಿರುಬ, ನರಿ ಇವೆ. ಹಂದಿಗೆ ಈ ಊರಿನವರ ಮದ್ದು ಮಂಚಿಗೆ ಮೇಲೆ ಕೂತು ರಾತ್ರಿ ಡಬ್ಬಿ ಬಡಿಯುವುದು, ಕೂಗುವುದು. ಜೋಳದ ತೆನೆಗೆ ಬರುವ ಹಕ್ಕಿಗೆ ಕವಣೆ ಕಲ್ಲು.

'ಬಂದೂಕ ಅದಲ್ಲ ಕಾಕಾ, ಜನ ಏನೂ ಅನ್ನಂಗಿಲ್ಲೇನು?' ಅಂತ ಗೆಳೆಯ ಕೇಳಿದ.

'ಅಂತಾರ. ಆದ್ರ ಕಾನೂನು ಕಾನೂನು. ಅದೂ ಅಲ್ದ, ಅದಕ್ಕ ತೋಟಾ ಎಲ್ಲಿ ಅವ?'

ಡಬಲ್ ರೈಫಲ್‌ನ ಕೈನಾಕ್ ಕಂಪನಿಯ ತೋಟಾಗಳು 1960ರ ದಶಕದ ನಂತರ ಸಿಗುವುದೇ ಕಷ್ಟವಾಯ್ತು. ಅವತ್ತಿಂದ ಇದು ಹಾರಿಲ್ಲ. ಕಾಕಾ ಹತ್ತಿರ ಇನ್ನೊಂದು .315 ರೈಫಲ್ ಇದೆ, ನಮ್ಮ ಇಶಾಪುರ ಕಾರ್ಖಾನೆಯದ್ದು. ಗಟ್ಟಿಮುಟ್ಟು, ಅಲಂಕಾರ ಇಲ್ಲ. ಮೂರನೆಯದೊಂದು ಹೊರಗೆ ಕುದುರೆ (ಸುತ್ತಿಗೆ) ಇರುವ ಬಾರಾ ಬೋರ್ ಬಂದೂಕು ಇತ್ತು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಒಬ್ಬರಿಗೆ ಮೂರು ಬಂದೂಕಿನ ಬದಲು ಎರಡೇ ಅಂತಾದಾಗ ಅದನ್ನು ಬಿಟ್ಟುಕೊಟ್ಟರು. ಆ ಮಾತು ಬಂದಾಗ ಕಾಕಾ ಸ್ವಲ್ಪ ಹೊತ್ತು ತೊಗರಿ ಗಿಡದ ಕಡೆ ನೋಡಿದರು.

ಚುನಾವಣೆ ಬಂದಾಗಲೆಲ್ಲ ಎರಡನ್ನೂ ಠಾಣೆಗೆ ಒಪ್ಪಿಸಬೇಕು. ಒಂದು ಸಲ ವಾಪಸ್ ಬಂದಾಗ ನಳಿಗೆ ಮೇಲೆ ತುಕ್ಕಿನ ಚುಕ್ಕೆ ಬಿದ್ದಿತ್ತಂತೆ. ಅವತ್ತಿನಿಂದ ಕೊಡುವ ಮೊದಲು ಒಳಗೆ ಹೊರಗೆ ಗ್ರೀಸ್ ಬಳಿದು, ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿ ಕೊಡುತ್ತಾರೆ. ವಾಪಸ್ ತಂದ ದಿನವೇ ಪೂರ್ತಿ ಒರೆಸುತ್ತಾರೆ, ರಾಶಿಯ ಸಮಯವಾದರೂ ಸರಿ.

ಕಾಕಾಗೆ ಮಗಳು ಒಬ್ಬಳೇ. ಹಬ್ಬಕ್ಕೆ ಬಂದಿದ್ದಳು, ಸೇಡಂನಲ್ಲಿ ಟೀಚರ್. ಲೈಸನ್ಸ್ ತನ್ನ ಹೆಸರಿಗೆ ಮಾಡಿಸಿಕೊಳ್ಳುತ್ತೇನೆ ಅಂತ ಅಲ್ಲೇ, ಎಲ್ಲರೂ ಎಲೆಯಡಿಕೆ ಹಾಕುತ್ತಿದ್ದಾಗ ಹೇಳಿದಳು. 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಲೈಸನ್ಸ್‌ದಾರರಿಗೆ 70 ವರ್ಷವಾದರೆ, ಇಲ್ಲವೇ 25 ವರ್ಷ ಆ ಬಂದೂಕು ಇಟ್ಟುಕೊಂಡಿದ್ದರೆ, ವಾರಸುದಾರರಿಗೆ ಕೊಡಬಹುದು. ಸುರಕ್ಷತಾ ತರಬೇತಿಯ ಸರ್ಟಿಫಿಕೇಟ್ ಬೇಕು. ಅದನ್ನೆಲ್ಲ ಅವಳು ಮೊದಲೇ ತಿಳಿದುಕೊಂಡಿದ್ದಳು.

'ನಿನಗ ಯಾಕವ್ವಾ ಅದರ ಉಸಾಬರಿ' ಅಂದರು ಕಾಕಿ.

'ವರ್ಷಕ್ಕ ನಾಕು ಸಲ ಎಣ್ಣಿ ಹಚ್ಚೋದು ಉಸಾಬರಿ ಏನವ್ವಾ? ಅಪ್ಪಗ ಹಚ್ಚಿ ಕೊಟ್ಟಾಕಿ ನಾನ ಅಲ್ಲೇನು?'

ಕಾಕಾ ಏನೂ ಅನ್ನಲಿಲ್ಲ. ಅವಳ ಎಲೆಗೆ ಸುಣ್ಣ ಹಚ್ಚಿ ಕೊಟ್ಟರು.

ಮಂಗಳವಾರ: ಬೀದರ್

ಹುಮನಾಬಾದ್ ಮೇಲೆ ಬೀದರಿಗೆ ಬಂದೆವು. ಕೋಟೆ, 1472ರ ಮಹಮೂದ್ ಗವಾನನ ಮದರಸಾ, ಎಲ್ಲ ಬೇಗ ಬೇಗ ನೋಡಿದೆವು. ನನಗೆ ಬೇಕಾಗಿದ್ದು ಬಿದ್ರಿ ಕೆಲಸ ಮಾಡುವ ಓಣಿ.

ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆ. ಅದರ ಮೇಲೆ ಉಳಿಯಿಂದ ಗೆರೆ ಕೊರೆದು, ಬೆಳ್ಳಿ ತಂತಿ, ತಗಡು ಕೂರಿಸಿ ಬಡಿಯುತ್ತಾರೆ. ಕೊನೆಗೆ ಕೋಟೆಯ ಹಳೇ ಮಣ್ಣು, ನವಸಾಗರ ಸೇರಿಸಿದ ನೀರಿನಲ್ಲಿ ಹಾಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಬೆಳಗುತ್ತದೆ. 2006ರಲ್ಲಿ ಜಿಐ ಸಿಕ್ಕ ಕಲೆ. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು.

ಒಂದು ಅಂಗಡಿಯಲ್ಲಿ ವಯಸ್ಸಾದ ಉಸ್ತಾದ್ ಹೂದಾನಿ ಕೊರೆಯುತ್ತಿದ್ದರು. ಕಾಕಾ ಒಪ್ಪಿಗೆ ಕೊಟ್ಟು ತೆಗೆಸಿದ್ದ ಫೋಟೋ ತೋರಿಸಿದೆ, ರೈಫಲ್ ಪಕ್ಕದ ಬಳ್ಳಿ ಕೆತ್ತನೆಯದ್ದು. ಕನ್ನಡಕ ಮೇಲೆ ಮಾಡಿ, ಫೋನ್ ಹತ್ತಿರ ಹಿಡಿದು, ದೊಡ್ಡದು ಮಾಡಿ ನೋಡಿದರು.

'ಇದು ಉಕ್ಕು ಅಲ್ಲೇನ್ರೀ? ನಮ್ಮ ಸತುವು ಮೆತ್ತಗ. ಉಕ್ಕಿನಾಗ ಇಷ್ಟು ಸಣ್ಣ ತಿರುವು ತಗೀಬೇಕಂದ್ರ ಉಳಿ ದಿನಕ್ಕ ಎಷ್ಟು ಸಲ ಮಸೀಬೇಕು' ಅಂದರು. ಸ್ವಲ್ಪ ಬಿಟ್ಟು, ಬೆರಳಿಟ್ಟು ತೋರಿಸಿದರು. 'ಇಲ್ಲಿ ನೋಡ್ರಿ. ಇಲ್ಲಿಂದ ಶುರು ಮಾಡ್ಯಾನ. ಇಲ್ಲಿ ಉಳಿ ಎತ್ತಿಲ್ಲ, ಒಂದೇ ಉಸಿರಿನಾಗ ಬಂದಾನ. ಭಾರೀ ಕೈ.'

ಆಮೇಲೆ ಒಂದು ಸತುವಿನ ತುಂಡು ತಗೊಂಡು ಅದೇ ತಿರುವನ್ನು ಕೊರೆದು ತೋರಿಸಿದರು. ಉಳಿಯನ್ನು ತಿರುಗಿಸುವುದಕ್ಕಿಂತ ತುಂಡನ್ನೇ ಎಡಗೈಯಲ್ಲಿ ತಿರುಗಿಸುತ್ತಿದ್ದರು. ಗೆರೆ ಒಂದು ಕಡೆ ತೆಳ್ಳಗೆ ಶುರುವಾಗಿ ನಡುವೆ ದಪ್ಪವಾಗಿ ಮತ್ತೆ ತೆಳ್ಳಗಾಯಿತು. ನಾನು ಆ ತುಂಡನ್ನು ಕೊಡ್ತೀರಾ ಅಂತ ಕೇಳಿದೆ. ದುಡ್ಡು ಬೇಡ ಅಂದರು. ನಾನು ಒಂದು ಸಣ್ಣ ಡಬ್ಬಿ ಕೊಂಡೆ, ಕಾಕಾನ ಮಗಳಿಗೆ ಕಳಿಸೋಕೆ.

ಸಂಜೆ ಬಸ್ಸಿಗೆ ಕಾಯುತ್ತಾ ಒಂದು ಕೆಲಸ ಮುಗಿಸಿದೆವು. ಬರ್ಮಿಂಗ್‌ಹ್ಯಾಮ್‌ನಲ್ಲಿ ವೆಸ್ಟ್‌ಲಿ ರಿಚರ್ಡ್ಸ್‌ನವರ ಹಳೇ ಲೆಡ್ಜರ್‌ಗಳು ಇನ್ನೂ ಇವೆ. ಸೀರಿಯಲ್ ನಂಬರ್ ಕೊಟ್ಟರೆ ಯಾವ ವರ್ಷ, ಯಾರಿಗೆ ಮಾಡಿದ್ದು ಅಂತ ತಿಳಿಯಬಹುದು. ಕಾಕಾನ ಮಗಳಿಗೆ ಫೋನ್ ಮಾಡಿದೆ. ಅವಳು ಪೆಟ್ಟಿಗೆ ತೆಗೆದು ನಂಬರ್ ಓದಿದಳು, ನಾನು ಮೇಲ್ ಬರೆದೆ, ಅವಳ ಹೆಸರಲ್ಲೇ ಕಳಿಸಿದೆವು. ಕೆತ್ತಿದವನ ಹೆಸರು, ನಳಿಗೆ ಬೆಸೆದವನ ಹೆಸರು ಇದ್ದರೆ ಅದನ್ನೂ ತಿಳಿಸಿ ಅಂತ ಕೇಳಿದ್ದೇವೆ. ಊರಿನ ಬಡಿಗನ ಹೆಸರನ್ನು ಪೆಟ್ಟಿಗೆಯೊಳಗೆ ಒಂದು ಚೀಟಿಯಲ್ಲಿ ಬರೆದು ಹಚ್ಚು ಅಂತ ಅವಳಿಗೆ ಹೇಳಿದೆ. 'ಮುಂಜಾನೆನ ಹಚ್ಚೀನಿ ಅಣ್ಣಾ' ಅಂದಳು.